ದ್ರೌಪದಿ ನಿಜಕ್ಕೂ ನಕ್ಕಳೇ?

ಮಹಾಭಾರತ ಯುದ್ಧ ಏಕೆ ನಡೆಯಿತೆಂದು ನಮ್ಮ ಮಕ್ಕಳನ್ನು ಕೇಳಿ ನೋಡಿ. "ದುರ್ಯೋಧನ ನೀರಿಗೆ ಬಿದ್ದಾಗ ದ್ರೌಪದಿ ನಕ್ಕಳು, ಕುರುಡನ ಮಗನೂ ಕುರುಡ ಎಂದಳು, ಅದಕ್ಕೇ" ಎಂಬ ಉತ್ತರ ಥಟ್ಟನೆ ಬರುತ್ತದೆ. ದೊಡ್ಡವರೂ ತಲೆಯಾಡಿಸುತ್ತಾರೆ. 1988ರಿಂದ 1990ರವರೆಗೆ ದೂರದರ್ಶನದಲ್ಲಿ ಬಂದ ಬಿ.ಆರ್. ಚೋಪ್ರಾ ಅವರ ಧಾರಾವಾಹಿ ಈ ಮಾತನ್ನು ಮನೆಮನೆಗೂ ಮುಟ್ಟಿಸಿತು. ಹದಿನೆಂಟು ಅಕ್ಷೋಹಿಣಿ ಸೈನ್ಯದ ನಾಶಕ್ಕೆ ಒಬ್ಬ ಹೆಣ್ಣಿನ ನಗು ಕಾರಣವೆನ್ನುವುದು ನ್ಯಾಯವೇ?

ಪುಣೆಯ ಭಂಡಾರ್ಕರ್ ಸಂಸ್ಥೆಯವರು 1966ರಲ್ಲಿ ಮುಗಿಸಿದ ಪರಿಷ್ಕೃತ ಆವೃತ್ತಿಯಲ್ಲಿ ಸಭಾಪರ್ವವನ್ನು ಓದಿದರೆ ಆಶ್ಚರ್ಯವಾಗುತ್ತದೆ. ದುರ್ಯೋಧನ ಸ್ಫಟಿಕದ ನೆಲವನ್ನು ನೀರೆಂದು ತಿಳಿದು ಬಟ್ಟೆ ಎತ್ತಿಕೊಳ್ಳುತ್ತಾನೆ, ಆಮೇಲೆ ನೀರನ್ನೇ ನೆಲವೆಂದು ತಿಳಿದು ಬೀಳುತ್ತಾನೆ. ಆಗ ನಕ್ಕವರು ಭೀಮ, ಅರ್ಜುನ, ನಕುಲ ಸಹದೇವರು ಮತ್ತು ಸೇವಕರು. ಧರ್ಮರಾಜ ಒಣಬಟ್ಟೆ ಕೊಡಿಸುತ್ತಾನೆ. ದ್ರೌಪದಿಯ ಹೆಸರೇ ಅಲ್ಲಿಲ್ಲ. ಕುರುಡನ ಮಗನ ಮಾತಂತೂ ಎಲ್ಲಿಯೂ ಇಲ್ಲ.

ಹಾಗಾದರೆ ಆಕೆಯ ನಗು ಬಂದದ್ದು ಎಲ್ಲಿಂದ? ಸ್ವತಃ ದುರ್ಯೋಧನನ ಬಾಯಿಂದ! ಹಸ್ತಿನಾಪುರಕ್ಕೆ ಮರಳಿ ತಂದೆಯ ಮುಂದೆ ದೂರು ಹೇಳುವಾಗ, ಕೃಷ್ಣನೂ ನಕ್ಕ, ದ್ರೌಪದಿಯೂ ಹೆಂಗಸರೊಡನೆ ನಕ್ಕಳು ಎನ್ನುತ್ತಾನೆ. ನಡೆದ ಘಟನೆಗೂ ಹೇಳಿದ ಘಟನೆಗೂ ನಡುವೆ ನಗುವವರ ಪಟ್ಟಿ ಬೆಳೆದಿದೆ. ಹೊಟ್ಟೆಕಿಚ್ಚು ನೆನಪನ್ನೂ ತಿದ್ದಿಬಿಡುತ್ತದೆ ಎಂಬುದನ್ನು ವ್ಯಾಸರು ಯಾವ ಟೀಕೆಯನ್ನೂ ಮಾಡದೆ ತೋರಿಸಿದ್ದಾರೆ. ನಾವಾದರೋ ಫಿರ್ಯಾದಿಯ ಮಾತನ್ನೇ ತೀರ್ಪೆಂದು ಒಪ್ಪಿಕೊಂಡಿದ್ದೇವೆ.

ಕಿಚ್ಚಿನ ನಿಜವಾದ ಮೂಲ ಬೇರೆ. ರಾಜಸೂಯದಲ್ಲಿ ಅರಸರು ತಂದ ಕಾಣಿಕೆಗಳನ್ನು ಸ್ವೀಕರಿಸುವ ಕೆಲಸ ದುರ್ಯೋಧನನ ಪಾಲಿಗೆ ಬಂದಿತ್ತು. ದಾಯಾದಿಯ ಸಂಪತ್ತನ್ನು ತನ್ನ ಕೈಯಾರೆ ಎಣಿಸಿ ಒಳಗಿಡಬೇಕಾದವನ ಸ್ಥಿತಿಯನ್ನು ಊಹಿಸಿಕೊಳ್ಳಿ. ಉಣ್ಣಲು, ಉಡಲು, ಏರಲು ನಿನಗೇನು ಕಡಿಮೆಯಾಗಿದೆಯಪ್ಪ, ಏಕೆ ಸೊರಗಿದ್ದೀಯೆ ಎಂದು ಧೃತರಾಷ್ಟ್ರ ಕೇಳುತ್ತಾನೆ. ಕಡಿಮೆಯಾಗಿರುವುದು ಏನೂ ಇಲ್ಲ. ಇನ್ನೊಬ್ಬನಿಗೆ ಹೆಚ್ಚಾಗಿದೆ, ಅಷ್ಟೇ. ಯಾರೂ ಹುಟ್ಟಿನಿಂದ ಶತ್ರುವಲ್ಲ, ನಮ್ಮಂಥದೇ ಬಾಳು ಬಾಳುವವನೇ ಶತ್ರು ಎಂಬರ್ಥದ ಮಾತನ್ನು ದುರ್ಯೋಧನ ಆಡುತ್ತಾನೆ. ಅಸೂಯೆ ಹುಟ್ಟುವುದು ದೂರದ ಚಕ್ರವರ್ತಿಯ ಮೇಲಲ್ಲ, ಪಕ್ಕದ ಮನೆಯ ಅಣ್ಣನ ಮೇಲೆ.

ಈ ಕಿಚ್ಚು ಹಿಂದಿನ ತಲೆಮಾರಿನಿಂದಲೂ ಬಂದದ್ದು. ಕುಂತಿಗೆ ಮಗ ಹುಟ್ಟಿದನೆಂದು ಕೇಳಿ, ಎರಡು ವರ್ಷ ಗರ್ಭ ಹೊತ್ತಿದ್ದ ಗಾಂಧಾರಿ ಹೊಟ್ಟೆ ಹಿಸುಕಿಕೊಂಡಳು. ಕುಂತಿಯೇನು ಕಡಿಮೆಯೇ? ಒಂದೇ ಸಲಕ್ಕೆ ಅವಳಿ ಮಕ್ಕಳನ್ನು ಪಡೆದ ಮಾದ್ರಿ ತನ್ನನ್ನು ಮೀರಿಸಿಬಿಟ್ಟಾಳೆಂದು, ಆಕೆಗೆ ಮತ್ತೆ ಮಂತ್ರ ಕೊಡಲು ಒಪ್ಪಲಿಲ್ಲ. ವ್ಯಾಸರು ಯಾರನ್ನೂ ಬಿಟ್ಟಿಲ್ಲ.

ನಮ್ಮ ರನ್ನ ಇದಕ್ಕೊಂದು ಅಪೂರ್ವ ಮುಕ್ತಾಯ ಕೊಟ್ಟಿದ್ದಾನೆ. 10ನೇ ಶತಮಾನದ ಕೊನೆಯ ಹೊತ್ತಿಗೆ ಬರೆದ 'ಗದಾಯುದ್ಧ'ದಲ್ಲಿ, ಎಲ್ಲವನ್ನೂ ಕಳೆದುಕೊಂಡ ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ಅಲ್ಲಿ ಅಭಿಮನ್ಯುವಿನ ದೇಹ ಕಾಣುತ್ತದೆ. ಶತ್ರುವಿನ ಮಗನೆದುರು ನಿಂತು, ಅವನ ಶೌರ್ಯವನ್ನು ಮನಸಾರೆ ಹೊಗಳುತ್ತಾನೆ, ತನಗೂ ಅಂಥ ವೀರಮರಣ ಬರಲೆಂದು ಬೇಡುತ್ತಾನೆ. ಆಮೇಲೆಯೇ ತನ್ನ ಮಗ ಲಕ್ಷಣಕುಮಾರನ ದೇಹದ ಬಳಿಗೆ ಬರುವುದು. ಬದುಕಿಡೀ ದಾಯಾದಿಯ ಒಳ್ಳೆಯದನ್ನು ಕಂಡು ಉರಿದವನು ಕೊನೆಗೊಮ್ಮೆ ಅದನ್ನು ಕಂಡು ತಲೆಬಾಗುತ್ತಾನೆ. ಆದರೆ ಆ ಮಗು ಸತ್ತ ಮೇಲೆ.

ಮುಂದಿನ ಬಾರಿ ನಮ್ಮ ವೇದಿಕೆಯ ಮೇಲೆ ಮಯಸಭೆಯ ದೃಶ್ಯ ಆಡಿಸುವಾಗ ದ್ರೌಪದಿಯ ಪಾತ್ರದ ಹುಡುಗಿಗೆ ಆ ನಗು ಕಲಿಸುವುದು ಬೇಡ. ಬದಲಿಗೆ ದುರ್ಯೋಧನನ ಪಾತ್ರದ ಹುಡುಗನಿಗೆ ಕಾಣಿಕೆ ಎಣಿಸುವ ದೃಶ್ಯ ಕೊಡೋಣ. ನೋಡುತ್ತ ಕೂತ ನಮಗೆಲ್ಲ ಅದು ಹೆಚ್ಚು ಪರಿಚಿತವಾಗಿ ಕಂಡೀತು.