ಕೂದಲು ನೋಡಿದವರು, ಹಾಡು ಕೇಳದವರು

1968ರ ಮಾರ್ಚ್‌ನ ಒಂದು ರಾತ್ರಿ ಅಮೆರಿಕದ ನ್ಯಾಶ್‌ವಿಲ್ ನಗರದ ರೈಮನ್ ಸಭಾಂಗಣದಲ್ಲಿ ‘ದಿ ಬರ್ಡ್ಸ್’ ತಂಡ ವೇದಿಕೆ ಏರಿತು. ಅದು 1925ರಿಂದ ರೇಡಿಯೋದಲ್ಲಿ ಬಿತ್ತರವಾಗುತ್ತಿದ್ದ ‘ಗ್ರ್ಯಾಂಡ್ ಓಲ್ ಆಪ್ರಿ’. ಕಂಟ್ರಿ, ಅಂದರೆ ಅಲ್ಲಿನ ಹಳ್ಳಿಗಾಡಿನ ಸಂಗೀತದ ಪ್ರತಿಷ್ಠಿತ ಕಾರ್ಯಕ್ರಮ. ಬಂದವರೋ ಲಾಸ್ ಏಂಜಲೀಸ್‌ನ ರಾಕ್ ಹುಡುಗರು. ಕೂದಲು ಕತ್ತರಿಸಿಕೊಳ್ಳಿ ಎಂದು ಸಭೆ ಗೇಲಿ ಮಾಡಿತು.

ಸೋಜಿಗವೆಂದರೆ, ಅವರು ಹಾಡಿದ್ದು ಅಪ್ಪಟ ಕಂಟ್ರಿ. ಜಾರ್ಜಿಯಾದಲ್ಲಿ ಬೆಳೆದ, 21ರ ಹರೆಯದ ಗ್ರ್ಯಾಮ್ ಪಾರ್ಸನ್ಸ್ ಘೋಷಿತ ಹಾಡನ್ನು ಬಿಟ್ಟು ತಮ್ಮದೇ ‘ಹಿಕರಿ ವಿಂಡ್’ ಹಾಡಿಬಿಟ್ಟರು. ಅತಿಥಿ ಹಾಗೆ ಮಾಡಬಾರದಿತ್ತು, ನಿಜ. ಸಂಘಟಕರ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಆ ಹಾಡು ದೂರದ ನಗರದಲ್ಲಿ ಕುಳಿತು ದಕ್ಷಿಣದ ತನ್ನೂರಿನ ಮರಗಳನ್ನು ನೆನೆಯುವವನ ನಿಟ್ಟುಸಿರು. ಧ್ವನಿಮುದ್ರಿಕೆಯಲ್ಲಿ ಲಾಯ್ಡ್ ಗ್ರೀನ್ ಅವರ ಸ್ಟೀಲ್ ಗಿಟಾರ್ ಆ ನಿಟ್ಟುಸಿರನ್ನೇ ಎಳೆಎಳೆಯಾಗಿ ನುಡಿಸುವುದನ್ನು ನಾವು ಕೇಳಬಹುದು.

ಆ ವರ್ಷದ ಆಗಸ್ಟ್‌ನಲ್ಲಿ ಬಂದ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೋ’ ಆಲ್ಬಂ ಹೆಚ್ಚು ಮಾರಾಟವಾಗಲಿಲ್ಲ. ಇಂದು ಅದನ್ನೇ ಕಂಟ್ರಿ ರಾಕ್‌ನ ಅಡಿಗಲ್ಲುಗಳಲ್ಲಿ ಒಂದೆನ್ನುತ್ತಾರೆ. ಈ ಹೊಗಳಿಕೆಗಿಂತ ಆ ರಾತ್ರಿಯ ಗೇಲಿಯೇ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಪರಂಪರೆಯನ್ನು ಕಾಯುತ್ತೇವೆನ್ನುವವರು ವೇಷ ನೋಡಿ ಮುಖ ತಿರುಗಿಸಿದರೆ, ಅದನ್ನು ಪ್ರೀತಿಯಿಂದ ಹೊತ್ತು ತಂದವನೂ ಬಾಗಿಲಾಚೆಯೇ ಉಳಿಯುತ್ತಾನೆ.