ಬೀಳಗಿಯ ಕೊರಳು, ಐದು ಹಾಡು

ಬನಹಟ್ಟಿಯ ಸೋದರಮಾವನ ಮನೆಯಲ್ಲಿ ಬೆಳಗಿನ ಏಳೂವರೆಗೆ ಮಗ್ಗ ನಿಲ್ಲುತ್ತಿತ್ತು. ವಿದ್ಯುತ್ ಮಗ್ಗದ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳದು, ಇನ್ನು ರೇಡಿಯೊ ಎಲ್ಲಿ ಕೇಳೀತು? ಸಿಲೋನ್ ನಿಲಯದ ಹಳೆಯ ಹಿಂದಿ ಹಾಡುಗಳು ಅರ್ಧ ಗಂಟೆ ಬರುತ್ತಿದ್ದವು. ಕೊನೆಗೆ ಸೈಗಲ್ ಹಾಡಿ ಮುಗಿಸಿದ ಮೇಲೆಯೇ ಲಾಳಿ ಮತ್ತೆ ಓಡುತ್ತಿದ್ದುದು. ಒಂದು ದಿನ ಹೆಣ್ಣುದನಿಯೊಂದು ತೇಲಿ ಬಂದಾಗ ಮಾವ, "ಈಕಿ ನಮ್ಮ ಬೀಳಗಿ ಹೆಣ್ಣಮಗಳು. ಸುಮ್ಮ ಕುಂತ ಕೇಳು" ಎಂದರು. ಕೇಳಿದೆ. ಇವತ್ತಿಗೂ ಕೇಳುತ್ತಿದ್ದೇನೆ.

ಅದು ಅಮೀರ್‌ಬಾಯಿ ಕರ್ನಾಟಕಿಯವರ ದನಿ. 1906ರ ಸುಮಾರಿಗೆ ಬೀಳಗಿಯಲ್ಲಿ ಹುಟ್ಟಿದವರು. ಸೋದರಿ ಗೋಹರ್‌ಬಾಯಿ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹೆಸರು ಮಾಡಿದರೆ, ಅಮೀರ್‌ಬಾಯಿ ಮುಂಬಯಿಗೆ ಹೋಗಿ 1934ರ 'ವಿಷ್ಣುಭಕ್ತಿ'ಯಿಂದ ಸಿನಿಮಾಕ್ಕೆ ಕಾಲಿಟ್ಟರು. ಅವರನ್ನು 'ಕನ್ನಡ ಕೋಗಿಲೆ' ಎಂದು ಕರೆದು ಮುಗಿಸಿಬಿಡುವುದು ನಮ್ಮ ರೂಢಿ. ಆದರೆ ಕೋಗಿಲೆಗೆ ಇರುವುದು ಒಂದೇ ದನಿ. ಈ ಹೆಣ್ಣುಮಗಳು ಹತ್ತೇ ವರ್ಷಗಳಲ್ಲಿ ತಮ್ಮ ಕೊರಳನ್ನು ಮತ್ತೆ ಮತ್ತೆ ಹದ ಮಾಡಿಕೊಂಡರು. ಅದು ತಿಳಿಯಬೇಕಾದರೆ ಐದು ಹಾಡುಗಳನ್ನು ಒಂದರ ಹಿಂದೊಂದು ಕೇಳಬೇಕು.

ಮೊದಲನೆಯದು 1940ರ 'ನರಸಿ ಭಗತ್' ಚಿತ್ರದ 'ವೈಷ್ಣವ ಜನತೋ'. ಸಂಗೀತ ಶಂಕರರಾವ್ ವ್ಯಾಸರದು. ಇಲ್ಲಿರುವುದು ಕಂಪನಿ ನಾಟಕದ ಕೊರಳು. ಮೈಕು ಇಲ್ಲದ ಕಾಲದಲ್ಲಿ ಕಾಲಿನಿಂದ ಒತ್ತುವ ಹಾರ್ಮೋನಿಯಂ ದಾಟಿ ಕೊನೆಯ ಸಾಲಿಗೆ ಮುಟ್ಟಬೇಕಿದ್ದ ದನಿ ಅದು. ತೆರೆದ ಗಂಟಲು, ಒಡೆಯದ ಅಕ್ಷರ. ಭಕ್ತಿಯನ್ನು ಬೇಡಿಕೆಯಾಗಿಸದೆ ನಿಲುವಾಗಿ ಹಾಡುತ್ತಾರೆ.

ಎರಡನೆಯದೂ ಮೂರನೆಯದೂ ಒಂದೇ ಚಿತ್ರದವು. ಬಾಂಬೆ ಟಾಕೀಸಿನ 'ಕಿಸ್ಮತ್', 1943. ಕವಿ ಪ್ರದೀಪ್, ಸಂಗೀತ ಅನಿಲ್ ಬಿಸ್ವಾಸ್. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿದ ಚಿತ್ರ. ಖಾನ್ ಮಸ್ತಾನಾ ಜೊತೆಗಿನ 'ದೂರ್ ಹಟೋ' (ದೂರ ಸರಿಯಿರಿ) ಕೇಳಿ. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷದ ಹಾಡು. ಜರ್ಮನ್, ಜಪಾನಿಯರ ಹೆಸರು ಹೇಳಿ ಸೆನ್ಸಾರ್ ಕಣ್ಣು ತಪ್ಪಿಸಿತು. ಜನಕ್ಕೆ ಮಾತ್ರ ಅದು ಯಾರಿಗೆ ಹೇಳಿದ್ದೆಂದು ಸರಿಯಾಗಿ ತಿಳಿದಿತ್ತು. ಅಲ್ಲಿ ಅಮೀರ್‌ಬಾಯಿ ರಂಗದ ಕೊರಳನ್ನು ಪೂರ್ತಿ ಬಿಚ್ಚಿದ್ದಾರೆ. ಅದಾದ ಕೂಡಲೇ 'ಧೀರೆ ಧೀರೆ ಆ ರೇ ಬಾದಲ್' ಕೇಳಿ. ಅದೇ ಕೊರಳು ತೊಟ್ಟಿಲ ಬಳಿಗೆ ಬಂದಿದೆ. ಮೋಡವನ್ನು ಮೆಲ್ಲಗೆ ಬಾ ಎಂದು ಕರೆಯುವವರು ಉಸಿರನ್ನೂ ಮೆಲ್ಲಗೆ ಬಿಡುತ್ತಾರೆ. ಮೈಕಿನ ಮುಂದೆ ಕೂಗಬೇಕಿಲ್ಲ, ಪಿಸುದನಿಯೂ ಊರಿಗೆಲ್ಲ ಕೇಳುತ್ತದೆ ಎಂಬ ಹೊಸ ವಿದ್ಯೆಯನ್ನು ಅವರು ಇಲ್ಲಿ ಕೈವಶ ಮಾಡಿಕೊಂಡಿದ್ದಾರೆ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಹಾಡು ಇದೇ.

ನಾಲ್ಕನೆಯದು 1944ರ 'ರತನ್' ಚಿತ್ರದ 'ಮಿಲ್ ಕೆ ಬಿಛಡ್ ಗಯೀ ಅಖಿಯಾಂ'. ಸಂಗೀತ ನೌಷಾದ್. ಅದೇ ಚಿತ್ರದಲ್ಲಿ ಜೊಹ್ರಾಬಾಯಿ ಅಂಬಾಲೆವಾಲಿಯವರ ಭಾರವಾದ, ಗಟ್ಟಿ ದನಿಯ ಹಾಡುಗಳೂ ಇವೆ. ಜೋಡಿಸಿ ಕೇಳಿದರೆ ಅಮೀರ್‌ಬಾಯಿಯವರ ಗುಣ ಎದ್ದು ಕಾಣುತ್ತದೆ. ಅಗಲಿಕೆಯ ಹಾಡಾದರೂ ಅಳು ಇಲ್ಲ. ನೋವು ಸ್ವರದ ತುದಿಯಲ್ಲಿ ಸಣ್ಣಗೆ ಬಾಗುತ್ತದೆ, ಅಷ್ಟೇ.

ಹಾಡಿದ್ದಷ್ಟೇ ಅಲ್ಲ, 1948ರ 'ಶಹನಾಜ್' ಚಿತ್ರಕ್ಕೆ ಸಂಗೀತ ನಿರ್ದೇಶನವನ್ನೂ ಮಾಡಿದರು. ಆ ಕುರ್ಚಿಯಲ್ಲಿ ಹೆಣ್ಣುಮಕ್ಕಳು ಕೂರುವುದೇ ಅಪರೂಪವಾಗಿದ್ದ ಕಾಲ ಅದು. ಇದೊಂದರಿಂದಲೇ ಅವರ ಹೆಸರು ಸಂಗೀತದ ಚರಿತ್ರೆಯಲ್ಲಿ ನಿಲ್ಲಬೇಕು.

ಐದನೆಯದು 1950ರ 'ಸಮಾಧಿ' ಚಿತ್ರದ 'ಗೋರೆ ಗೋರೆ'. ಸಿ. ರಾಮಚಂದ್ರ ಲ್ಯಾಟಿನ್ ಅಮೆರಿಕದ ಕುಣಿತದ ಲಯ ತಂದ ಹಾಡು. ಜೊತೆಗೆ ಹಾಡಿದವರು ಲತಾ ಮಂಗೇಶ್ಕರ್. ಹಿಂದಿನ ವರ್ಷ 'ಮಹಲ್' ಚಿತ್ರದಿಂದ ಮನೆಮಾತಾಗಿದ್ದ ಲತಾಗೆ ಆಗ ಇಪ್ಪತ್ತರ ಹರೆಯ. ಅಮೀರ್‌ಬಾಯಿ ನಲವತ್ತು ದಾಟಿದ್ದರು. ತೆಳುವಾದ, ಮೊನಚಾದ ಹೊಸ ದನಿಯ ಪಕ್ಕದಲ್ಲಿ ಹಳೆಯ ಕೊರಳು ಎಲ್ಲಿಯೂ ಹಿಂದೆ ಬೀಳುವುದಿಲ್ಲ. ನಕ್ಕು, ಕೆಣಕಿ, ಸಮಕ್ಕೆ ಸಮ ನಿಲ್ಲುತ್ತದೆ. ಆದರೂ ಮುಂದಿನ ಕಾಲ ಯಾವ ದನಿಯದೆಂದು ಆ ಮೂರು ನಿಮಿಷದಲ್ಲೇ ಗೊತ್ತಾಗುತ್ತದೆ. ಹಿಂದಿ ಸಿನಿಮಾ ಸಂಗೀತದ ಎರಡು ಯುಗ ಎದುರುಬದುರು ನಿಂತು ಹಾಡಿದ್ದು ಕೇಳಬೇಕೆಂದರೆ ಈ ಹಾಡು ಸಾಕು.

ಅಮೀರ್‌ಬಾಯಿ ತೀರಿಕೊಂಡಿದ್ದು 1965ರ ಮಾರ್ಚ್ 3ರಂದು. ವಿಜಯಪುರದ ಅಮೀರ್ ಟಾಕೀಸ್ ಅವರ ಹೆಸರು ಹೊತ್ತಿತು. ಅಮೀರ್‌ಬಾಯಿಯವರ ಬದುಕನ್ನು ಹುಡುಕಿ ಲೇಖಕ ರಹಮತ್ ತರೀಕೆರೆ ಕನ್ನಡದಲ್ಲಿ ಪುಸ್ತಕ ಬರೆದರು. ಇನ್ನು ಉಳಿದದ್ದು ನಮ್ಮ ಪಾಲಿನ ಕೆಲಸ. ಜಮಖಂಡಿ, ಮುಧೋಳ, ರಬಕವಿಯ ಮೇಷ್ಟ್ರುಗಳೇ, ಬೀಳಗಿಯ ತಾಯಂದಿರೇ, ಮಾರ್ಚ್ 3ರ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಈ ಐದು ಹಾಡುಗಳನ್ನು ಇದೇ ಕ್ರಮದಲ್ಲಿ ಹಚ್ಚಿರಿ. ಹೆಚ್ಚೆಂದರೆ ಇಪ್ಪತ್ತು ನಿಮಿಷ ಹಿಡಿದೀತು. ಅಷ್ಟು ಹೊತ್ತು ಮಗ್ಗ ನಿಂತರೆ ನಷ್ಟವೇನಿಲ್ಲ.