ಶಿಬಿರಕ್ಕೆ ಶಾಮಿಯಾನ, ಹುದ್ದೆಗೆ ಬರ

ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣದ ಸಾಧನೆ ಎಂದರೆ ನಮ್ಮವರು ಮೊದಲು ತೋರಿಸುವುದು ವೈದ್ಯಕೀಯ ಮೌಲ್ಯಾಂಕನ ಶಿಬಿರವನ್ನು. ಹಾಸನವಿರಲಿ, ಚನ್ನರಾಯಪಟ್ಟಣವಿರಲಿ, ಶಾಮಿಯಾನ, ಸಾಲಾಗಿ ಗಾಲಿಕುರ್ಚಿ, ವೇದಿಕೆ ಮೇಲೆ ಗಣ್ಯರು, ಮರುದಿನ ಪತ್ರಿಕೆಯಲ್ಲಿ ಫೋಟೊ. ಸಲಕರಣೆ ಸಿಗುವುದು ಅಲ್ಲೇ, ಒಪ್ಪೋಣ. ಶಾಮಿಯಾನ ಬಿಚ್ಚಿದ ಮೇಲಿನ ಕೆಲಸ ಯಾರದು?

ತಾಲ್ಲೂಕಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರದು, ಅಂದರೆ ಬಿಐಇಆರ್‌ಟಿಯದು. ಹಾಲಿ ಶಿಕ್ಷಕರಲ್ಲೇ ಆಯ್ದು, ನಿಗದಿತ ಅವಧಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ಕಳಿಸಿದವರು ಇವರು. ಅರಕಲಗೂಡಿನಿಂದ ಕೊಣನೂರು, ರಾಮನಾಥಪುರದ ಕಡೆಯ ಹಳ್ಳಿಗಳಿಗೆ ಹೋಗಿ, ಹಾಸಿಗೆ ಬಿಟ್ಟೇಳದ ಮಗುವಿನ ಗೃಹಾಧಾರಿತ ಶಿಕ್ಷಣ ನೋಡಬೇಕು. ಆ ಮಗುವಿನ ಯೋಜನೆಯ ಹಾಳೆಯಲ್ಲಿ ‘ಚಮಚ ಹಿಡಿಯುವುದು’ ಎಂಬ ಗುರಿ, ಎದುರಿಗೊಂದು ಟಿಕ್ಕು. ಮಧ್ಯಾಹ್ನವಾದರೆ ಮಗು ಮಂಕು, ಅಜ್ಜಿ ಪಕ್ಕದಲ್ಲಿ ಕೂತರಷ್ಟೇ ಕೈ ಚಾಚುತ್ತದೆ ಎಂಬುದಕ್ಕೆ ಅಲ್ಲಿ ಕಾಲಮ್ಮಿಲ್ಲ. ತಿಂಗಳುಗಟ್ಟಲೆ ಓಡಾಡಿ ತಿಳಿದ ಸಂಗತಿಯದು. ಅವಧಿ ಮುಗಿದು ಶಿಕ್ಷಕಿ ಶಾಲೆಗೆ ವಾಪಸಾದಾಗ ಚಾರ್ಜಿನಲ್ಲಿ ಹಾಳೆ ಕೈ ಬದಲಾಯಿಸುತ್ತದೆ, ತಿಳಿವಳಿಕೆ ಅವರ ಜೊತೆಗೇ ಹೋಗುತ್ತದೆ. ಹೊಸಬರು ಮೊದಲಿಂದ ಶುರು ಮಾಡುತ್ತಾರೆ.

‘ಸೇವಾ ಮನೋಭಾವದವರೇ ಸಿಗುತ್ತಿಲ್ಲ’ ಎಂದು ಗೊಣಗುವವರೊಡನೆ ನನ್ನದು ಹಳೆಯ ಜಗಳ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಹುದ್ದೆಗೆ ಯಾರೂ ಸೇವಾ ಮನೋಭಾವ ಕೇಳುವುದಿಲ್ಲ. ವೃಂದ, ಜ್ಯೇಷ್ಠತೆ, ಬಡ್ತಿ ಕೇಳುತ್ತಾರೆ. ಅಂಗವಿಕಲ ಮಕ್ಕಳ ವಿಷಯ ಬಂದಾಗ ಮಾತ್ರ ಕರುಣೆಯೇ ಅರ್ಹತೆ! ಇನ್ನು ಕೆಲವರ ಬಾಯಲ್ಲಿ 2021ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಕೇಂದ್ರ ಸರ್ಕಾರ 2022ರಲ್ಲಿ ನಿಗದಿಪಡಿಸಿದ ಅನುಪಾತ: ಪ್ರಾಥಮಿಕದಲ್ಲಿ 10 ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ. ಅನುಪಾತ ಸರಿಯೇ. ಆ ಶಿಕ್ಷಕರನ್ನು ನಡೆಸುವವರು ಯಾರು? ಕೆಲಸವೂ ಹಿಗ್ಗಿದೆ: 1995ರ ಅಂಗವಿಕಲರ ಕಾಯ್ದೆಯ 7 ಅಂಗವೈಕಲ್ಯಗಳು 2016ರ ಕಾಯ್ದೆಯಲ್ಲಿ 21 ಆದವು. ವಿಶೇಷ ಬಿ.ಎಡ್. ಓದುವವರು ಒಂದು ಬಗೆಯ ವೈಕಲ್ಯದಲ್ಲಿ ಪಳಗಿರುತ್ತಾರೆ. ತಾಲ್ಲೂಕಿನಲ್ಲಿ ಎಲ್ಲವನ್ನೂ ನಿಭಾಯಿಸಬೇಕು. ಇಳಿಜಾರು ಹಾಕಿಸಿ ಎಂದು ಮುಖ್ಯಶಿಕ್ಷಕರಿಗೆ ಬಿಐಇಆರ್‌ಟಿ ಸಲಹೆ ಕೊಡಬಹುದು, ಆದೇಶಿಸುವಂತಿಲ್ಲ. ಆದೇಶಿಸಬಲ್ಲ ಬಿಇಒಗೆ ಇದು ನೂರೆಂಟು ಕಡತಗಳಲ್ಲಿ ಒಂದು.

ಇಲಾಖೆ ಅವಧಿಯ ಕಟ್ಟು ಸಡಿಲಿಸಿ, ಜಿಲ್ಲಾ ಮಟ್ಟದಲ್ಲಿ ಈ ಕೆಲಸಕ್ಕೇ ಮೀಸಲಾದ ಅಧಿಕಾರಿ ಹುದ್ದೆ ಮಾಡಿ, ಕ್ಷೇತ್ರದಲ್ಲಿ ದುಡಿದ ವಿಶೇಷ ಬಿ.ಎಡ್. ಪದವೀಧರರಿಗೆ ಅಲ್ಲಿಗೆ ಬಡ್ತಿ ಕೊಡಲಿ. ಹೊಳೆನರಸೀಪುರದಲ್ಲಿ ರೈಲು ಹತ್ತಿದರೆ ಮೈಸೂರು. ಅಲ್ಲಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷದ ವಿಶೇಷ ಬಿ.ಎಡ್. ಇದೆ. ಓದಿ ಬಂದವರು ತಾಲ್ಲೂಕಿನಲ್ಲಿ ಉಳಿಯಬೇಕಾದರೆ ಮುಂದಿನ ಹುದ್ದೆ ಯಾವುದೆಂದು ಇಲಾಖೆ ನೇಮಕಾತಿಯ ದಿನವೇ ಹೇಳಬೇಕು.